ಪಕ್ಕದ ಮನೆಯಿಂದ ಹತ್ತು

ಅರ್ಜಿಯ ನಾಲ್ಕನೇ ಪುಟದಲ್ಲಿ ಮೂರು ಚೌಕಗಳಿವೆ.
ಒಂದಕ್ಕೆ ಮಾತ್ರ ಗುರುತು ಹಾಕಬೇಕು,
ಹಾಕಿದ ಮೇಲೆ ಅಳಿಸುವಂತಿಲ್ಲ.
ಮೂವತ್ತೊಂದು ವರ್ಷ ಮಕ್ಕಳಿಗೆ ರಬ್ಬರು ಕೊಟ್ಟವಳು ನಾನು.

ಮೊದಲನೆಯದು: ತಿಂಗಳಿಗೆ ಮೂರು ಸಾವಿರದ ನಾನೂರ ಹನ್ನೆರಡು ಡಾಲರ್,
ನನ್ನ ಉಸಿರಿರುವ ತನಕ. ಆಮೇಲೆ ಸೊನ್ನೆ.
ಎರಡನೆಯದು: ಅದಕ್ಕಿಂತ ಮುನ್ನೂರು ಕಡಿಮೆ,
ನಾನು ಹೋದರೆ ಅರ್ಧ ರೇಗೆ.
ಮೂರನೆಯದು: ಐನೂರ ನಲವತ್ತೊಂದು ಕಡಿಮೆ,
ನಾನು ಹೋದ ಮೇಲೆ ಅಷ್ಟೂ ಅವನಿಗೆ.

ಸಂಭಾವ್ಯತೆಯ ಪಾಠಕ್ಕೆ ನಾನು ಒಯ್ಯುತ್ತಿದ್ದದ್ದು
ಹಳೇ ಕಾಲುಚೀಲದಲ್ಲಿ ಕೆಂಪು, ನೀಲಿ ಗೋಲಿ.
ಕೈ ಹಾಕು, ನೋಡದೆ ತೆಗೆ, ಬಂದದ್ದು ಬರೆ, ವಾಪಸ್ಸು ಹಾಕು.
ವಾಪಸ್ಸು ಹಾಕದಿದ್ದರೆ ಲೆಕ್ಕವೇ ಬೇರೆ, ಎನ್ನುತ್ತಿದ್ದೆ.
ಇದು ವಾಪಸ್ಸು ಹಾಕದ ಲೆಕ್ಕ.

ಪಿಂಚಣಿ ಕಚೇರಿಯ ಎಫ್ರಾಯಿನ್
ಒಂದು ಕಾಲಕ್ಕೆ ನನ್ನದೇ ಕ್ಲಾಸಿನ ಮೂರನೇ ಸಾಲು,
ಭಿನ್ನರಾಶಿ ಅಂದರೆ ಹೊಟ್ಟೆನೋವು ಅವನಿಗೆ.
ಈಗ ಆಯುಷ್ಯದ ಕೋಷ್ಟಕ ಬಿಡಿಸಿ ನನಗೇ ತೋರಿಸುತ್ತಾನೆ:
ಅರವತ್ತೆರಡರ ಹೆಂಗಸಿಗೆ ಇನ್ನೂ ಇಪ್ಪತ್ತಮೂರು,
ಸರಾಸರಿ, ಮಿಸೆಸ್ ಹ್ಲಾವಟಿ.
ಸರಾಸರಿಯನ್ನು ಯಾರೂ ಬದುಕುವುದಿಲ್ಲ ಮಗೂ,
ಇದನ್ನೂ ನಾನೇ ನಿನಗೆ ಕಲಿಸಿದ್ದು.

ನಾನು ರಜೆ ಹಾಕದ ಕಾಯಿಲೆಗಳ ಪಟ್ಟಿಯೂ ಅವನ ಬಳಿ ಇದೆ,
ಇನ್ನೂರ ಹದಿನಾಲ್ಕು ದಿನ.
ಜ್ವರದಲ್ಲಿ ಹೋಗಿ ವರ್ಗಮೂಲ ಹೇಳಿದ್ದು,
ಗಂಟಲು ಕೂತಾಗ ಬೋರ್ಡಿನ ಮೇಲೆ ಬರೆದೇ ಪಾಠ ಮುಗಿಸಿದ್ದು,
ಅಮ್ಮನನ್ನು ಮಣ್ಣು ಮಾಡಿದ ಮರುದಿನದ ಪರೀಕ್ಷೆ,
ಎಲ್ಲ ಸೇರಿ ಒಂದು ವರ್ಷ ಚಿಲ್ಲರೆ, ಸೇವೆಯಾಗಿ ಜಮೆ.
ಕೆಮ್ಮಿಗೂ ಬಡ್ಡಿ ಬರುತ್ತದೆಂದು ಗೊತ್ತಿದ್ದರೆ
ಇನ್ನೂ ನಾಲ್ಕು ಕೆಮ್ಮುತ್ತಿದ್ದೆ.

ರೇ ಹೊರಗೆ ಟ್ರಕ್ಕಿನಲ್ಲಿದ್ದಾನೆ, ಹೀಟರ್ ಹಾಕಿಕೊಂಡು.
ಈರಿ ಸರೋವರದ ಗಾಳಿ ಅವನಿಗೆ ಆಗುವುದಿಲ್ಲ.
ಇಪ್ಪತ್ತಾರು ವರ್ಷ ಉಕ್ಕಿನ ಪೈಪಿನ ಗಿರಣಿ;
ಗಿರಣಿ ಮುಚ್ಚಿದಾಗ ಕೈಗೆ ಬಂದದ್ದು ಒಂದು ಗೋಡೆ ಗಡಿಯಾರ,
ತಿಂಗಳಿಗೆ ನೂರ ತೊಂಬತ್ತು ಡಾಲರ್,
ಬಲಕಿವಿಯಲ್ಲಿ ಎಂದೂ ನಿಲ್ಲದ ಸಿಳ್ಳೆ.
ಆಮೇಲೆ ಕಂಡವರ ಸೂರಿಗೆ ಹಂಚು ಹೊಡೆದ ಹನ್ನೊಂದು ವರ್ಷ
ಯಾವ ಪುಸ್ತಕದಲ್ಲೂ ಇಲ್ಲ.

ಪೂರ್ತಿಯದ್ದಕ್ಕೇ ಹಾಕು, ಅಂದ ಬೆಳಿಗ್ಗೆ, ಮೊಟ್ಟೆ ಮಗುಚುತ್ತಾ.
ನಾನೇ ಮೊದಲು ಹೋಗೋದು, ಬೇಕಾದರೆ ಡಾಕ್ಟರನ್ನ ಕೇಳು.
ತನ್ನ ಸಾವನ್ನು ಮನೆಖರ್ಚಿಗೆಂದು ತೆಗೆದಿಡುವ ಗಂಡಸಿಗೆ
ಏನನ್ನಬೇಕು?
ಉಪ್ಪು ಸಾಕು, ಅಂದೆ.

ಮೊದಲನೇ ಚೌಕಕ್ಕೆ ಅವನ ಒಪ್ಪಿಗೆ ಬೇಕು, ನೋಟರಿಯ ಎದುರು.
ಹೋದ ವಾರವೇ ಬ್ಯಾಂಕಿಗೆ ಹೋಗಿ ರುಜು ಹಾಕಿ ತಂದಿದ್ದಾನೆ, ಮುದ್ರೆ ಸಮೇತ.
ಕ್ಷೌರ ಮಾಡಿಸಿಕೊಂಡು ಹೋಗಿದ್ದನಂತೆ.

ಕೆಲಸದ ಮೊದಲ ವರ್ಷ ನನಗೆ ಕೊಟ್ಟದ್ದು ಚಿಕ್ಕ ಮಕ್ಕಳ ಕ್ಲಾಸು.
ಎರಡರಲ್ಲಿ ಏಳು ಹೋಗದು;
ಪಕ್ಕದ ಮನೆಗೆ ಹೋಗು, ಒಂದು ಹತ್ತು ಕಡ ತಾ.
ಯಾವಾಗ ವಾಪಸ್ಸು ಕೊಡಬೇಕು, ಮಿಸ್?
ಕೇಳಿದ್ದು ಓಪಲ್ ಅನ್ನುವ ಹುಡುಗಿ, ಇಡೀ ಕ್ಲಾಸಿಗೆ ಅವಳೊಬ್ಬಳೇ.
ಕೊಡೋದಿಲ್ಲ, ಅಂದಿದ್ದೆ.
ಸಂಜೆವರೆಗೂ ಅವಳ ಮುಖ ಗಂಟಾಗಿಯೇ ಇತ್ತು.

ರೇ ರುಜು ಹಾಕಿದ ಹಾಳೆಯನ್ನು ಎರಡು ಮಡಿಕೆ ಮಾಡಿ ಚೀಲಕ್ಕಿಟ್ಟೆ.
ಮೂರನೇ ಚೌಕಕ್ಕೆ ಗುರುತು ಹಾಕಿದೆ.
ಎಫ್ರಾಯಿನ್ ತಡವರಿಸಿದ: ಅಂಕಿಗಳ ಪ್ರಕಾರ ನಿಮಗೆ...
ಅಂಕಿ ಸರಿಯಾಗೇ ಇದೆ, ಅಂದೆ. ಚೆನ್ನಾಗಿ ಮಾಡಿದ್ದೀಯ.

ಟ್ರಕ್ಕು ಹತ್ತಿ ಕೂತೆ. ನನ್ನ ಸೀಟು ಅವನ ಬಲಕ್ಕೆ.
ಯಾವುದಕ್ಕೆ ಹಾಕಿದೆ? ಅಂದ.
ಮೂರನೆಯದಕ್ಕೆ, ಅಂದೆ,
ಸಿಳ್ಳೆ ಹೊಡೆಯುವ ಕಿವಿಗೆ.
ಒಳ್ಳೇದಾಯ್ತು ಬಿಡು, ಅಂದ, ಗೇರು ಬದಲಿಸುತ್ತಾ.